ಇಂಗ್ಲಿಷ್ ಕಲಿಯುವ ಹಂಬಲ: ಮಾಂಟ್ರಿಯಲ್‌ನಿಂದ ಸಂತೆಮರಹಳ್ಳಿಗೆ

ಸಂತೆಮರಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಚಾಮರಾಜನಗರದ ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ಇಂಗ್ಲಿಷ್ ಎರಡನೆಯ ಭಾಷೆಯೋ ಪರಭಾಷೆಯೋ? ಅಂಗಡಿ ಬೋರ್ಡು, ಔಷಧಿ ಚೀಟಿ, ಪರೀಕ್ಷೆಯ ಅರ್ಜಿ, ಎಲ್ಲದರಲ್ಲೂ ಅದು ಕಣ್ಣಿಗೆ ಬೀಳುತ್ತದೆ. ಮನೆಯಲ್ಲಾಗಲಿ ಸಂತೆಯಲ್ಲಾಗಲಿ ಕಿವಿಗೆ ಬೀಳುವುದು ಅಪರೂಪ. ಇಂಥವರು ಇಂಗ್ಲಿಷಿಗಾಗಿ ಏಕೆ ಹಂಬಲಿಸುತ್ತಾರೆ ಎಂಬ ಪ್ರಶ್ನೆಗೆ ವಿದ್ವಾಂಸರು ಬಹುಕಾಲ ನೆಚ್ಚಿಕೊಂಡ ಉತ್ತರ ಕೆನಡಾದಲ್ಲಿ ಹುಟ್ಟಿದ್ದು. ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಕಲಿಯುತ್ತಿದ್ದ ಹೈಸ್ಕೂಲು ವಿದ್ಯಾರ್ಥಿಗಳನ್ನು ಅಭ್ಯಸಿಸಿದ ರಾಬರ್ಟ್ ಗಾರ್ಡನರ್ ಮತ್ತು ವಾಲೆಸ್ ಲ್ಯಾಂಬರ್ಟ್ 1959ರಲ್ಲಿ ಎರಡು ಬಗೆಯ ಪ್ರೇರಣೆಗಳನ್ನು ಗುರುತಿಸಿದರು: ಆ ಭಾಷೆಯಾಡುವ ಜನರೊಡನೆ ಬೆರೆಯುವ ಆಸೆ, ಮತ್ತು ಉದ್ಯೋಗಕ್ಕೆ ಒದಗುತ್ತದೆ ಎಂಬ ಲೆಕ್ಕಾಚಾರ. ಮೊದಲನೆಯದೇ ಹೆಚ್ಚು ಫಲ ಕೊಡುತ್ತದೆ ಎಂದರು. ಫ್ರೆಂಚರು ಪಕ್ಕದ ಬೀದಿಯಲ್ಲೇ ಇರುವ ಊರಿಗೆ ಒಪ್ಪುವ ಮಾತು ಅದು. ನಮ್ಮಲ್ಲಿ ಬೆರೆಯಲು ಇಂಗ್ಲಿಷರೆಲ್ಲಿ? 1972ರಲ್ಲಿ ಯಾಸ್ಮೀನ್ ಲುಕ್ಮಾನಿ ಮುಂಬೈಯ ಮರಾಠಿ ಮಾತೃಭಾಷೆಯ ಹುಡುಗಿಯರನ್ನು ಅಭ್ಯಸಿಸಿದಾಗ ಫಲಿತಾಂಶ ತಿರುವುಮುರುವಾಯಿತು. ಪ್ರಯೋಜನಕ್ಕೆಂದು ಕಲಿಯುವ ಮನಸ್ಸಿಗೂ ಇಂಗ್ಲಿಷಿನ ಹಿಡಿತಕ್ಕೂ ಅಲ್ಲಿ ನಂಟು ಕಂಡಿತು. ಈ ಕ್ಷೇತ್ರದ ನಿಜವಾದ ತಿರುವು ಇದೇ ಎಂದು ನನ್ನ ಎಣಿಕೆ.

ಆದರೆ 'ಪ್ರಯೋಜನ' ಎಂಬ ಒಂದೇ ಪದ ಬಹಳಷ್ಟನ್ನು ಮುಚ್ಚಿಹಾಕುತ್ತದೆ. ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ.ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಕೊಟ್ಟದ್ದು ಇಂಗ್ಲಿಷರಾಗಲಿಕ್ಕಲ್ಲ, ಕನ್ನಡಕ್ಕೆ ಹೊಸ ಕಸುವು ತರಲಿಕ್ಕೆ. ಇಂಗ್ಲಿಷಿನ ಆಸೆ ಎಂದರೆ ಕನ್ನಡದ ತಾತ್ಸಾರ ಎನ್ನುವವರಿಗೆ ಇದು ಒಂದು ಉತ್ತರ, ಪೂರ್ತಿ ಉತ್ತರವಲ್ಲ. ಕಾಲೇಜಿನ ಬಾಗಿಲೇ ತೆರೆಯದಿದ್ದ ಸಮುದಾಯಗಳಿಗೆ ಇಂಗ್ಲಿಷ್ ಬೇರೆಯೇ ಅರ್ಥ ಹೊತ್ತು ಬಂತು. ದಲಿತ ಚಿಂತಕ ಚಂದ್ರಭಾನ್ ಪ್ರಸಾದ್ 2010ರಲ್ಲಿ ಉತ್ತರ ಪ್ರದೇಶದ ಬಂಕಾ ಗ್ರಾಮದಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟಾಗ ನಕ್ಕವರು ಅದನ್ನು ಮರೆತಿದ್ದರು. ಅಲ್ಲಿ ಕೇಳುತ್ತಿದ್ದದ್ದು ಸಂಬಳವನ್ನಷ್ಟೇ ಅಲ್ಲ, ಮರ್ಯಾದೆಯನ್ನೂ. ಹಂಗೇರಿಯ ಜೋಲ್ಟಾನ್ ಡೋರ್ನ್ಯೆಯಿ 2005ರಲ್ಲಿ ಮಂಡಿಸಿದ ಸಿದ್ಧಾಂತ ಇದರ ಹತ್ತಿರ ಬರುತ್ತದೆ: ತಾನು ಮುಂದೆ ಏನಾಗಬೇಕೆಂದು ಕಲಿಯುವವನ ಮನಸ್ಸಿನಲ್ಲಿರುವ ಚಿತ್ರವೂ, ಏನಾಗಬೇಕೆಂದು ಮನೆಯವರೂ ಊರವರೂ ಹೊರಿಸಿದ ನಿರೀಕ್ಷೆಯೂ ಅವನನ್ನು ನಡೆಸುತ್ತವೆ.

ಹಂಬಲ ಇಷ್ಟೊಂದಿದ್ದರೆ ಪದವಿ ತರಗತಿಯಲ್ಲಿ ಆ ಮೌನವೇಕೆ, ಗೈಡು ಉರುಹೊಡೆದು ಪಾಸಾಗುವುದೇಕೆ ಎಂದು ಅಧ್ಯಾಪಕರು ಕೇಳುವುದು ನ್ಯಾಯವೇ. ಹುಡುಗರಿಗೆ ಆಸಕ್ತಿಯಿಲ್ಲ ಎಂಬ ಅವರ ತೀರ್ಮಾನವನ್ನು ಮಾತ್ರ ಒಪ್ಪಲಾಗದು. ಕೆನಡಾಕ್ಕೆ ವಲಸೆ ಬಂದ ಹೆಂಗಸರನ್ನು ಕುರಿತು ಬಾನಿ ನಾರ್ಟನ್ 1995ರಲ್ಲಿ ತೋರಿಸಿದ್ದು ಇದನ್ನೇ: ಕಲಿಯುವ ಆಸೆ ತುಂಬಿದ್ದವರೂ ತಮ್ಮನ್ನು ಕೀಳಾಗಿ ಕಾಣುವ ಕಡೆ ಬಾಯಿ ಬಿಡುವುದಿಲ್ಲ. ಹತ್ತು ಹನ್ನೆರಡು ವರ್ಷ ಕನ್ನಡದಲ್ಲಿ ಓದಿ ಬಂದವರ ಉಚ್ಚಾರಣೆಗೆ ತರಗತಿ ನಗುವುದಾದರೆ ಸುಮ್ಮನಿರುವುದೇ ಜಾಣತನ. ಗೈಡಿನ ದೋಷವೂ ವಿದ್ಯಾರ್ಥಿಯದಲ್ಲ. ನೆನಪನ್ನು ಅಳೆಯುವ ಪರೀಕ್ಷೆಗೆ ಗೈಡೇ ಸಾಕು. 1979ರಿಂದ 1984ರವರೆಗೆ ಎನ್.ಎಸ್.ಪ್ರಭು ನಡೆಸಿದ ಬೆಂಗಳೂರು ಪ್ರಯೋಗದಲ್ಲಿ ಮಕ್ಕಳಿಗೆ ವ್ಯಾಕರಣದ ಬದಲು ನಕ್ಷೆ, ವೇಳಾಪಟ್ಟಿಗಳನ್ನು ಕೊಟ್ಟು ಸಮಸ್ಯೆ ಬಿಡಿಸಲು ಹೇಳಲಾಗುತ್ತಿತ್ತು. ಗಮನವೆಲ್ಲ ಅರ್ಥದ ಮೇಲಿರುವಾಗ ಭಾಷೆ ತಾನಾಗಿ ಕೂಡಿಬರುತ್ತದೆ ಎಂಬುದು ಅದರ ನಂಬಿಕೆ. ಅವರು ಶಾಲೆಯ ಮಕ್ಕಳು, ಕಾಲೇಜಿನವರಲ್ಲ ಎಂಬ ಆಕ್ಷೇಪ ಸರಿಯೇ. ಆದರೂ ಆಸಕ್ತಿ ತರಗತಿಯೊಳಗೂ ಹುಟ್ಟಬಲ್ಲದು, ವಿದ್ಯಾರ್ಥಿ ಅದನ್ನು ಮನೆಯಿಂದಲೇ ತರಬೇಕಿಲ್ಲ ಎಂಬ ಅದರ ಪಾಠ ಇಬ್ಬರಿಗೂ ಸಲ್ಲುತ್ತದೆ.

2023ರಲ್ಲಿ ಚಾಮರಾಜನಗರಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂತು. ಅಲ್ಲಿನ ಭಾಷಾ ಅಧ್ಯಾಪಕರು ಮಾಂಟ್ರಿಯಲ್ಲಿನ ಪ್ರಶ್ನಾವಳಿಯನ್ನು ಪಕ್ಕಕ್ಕಿಟ್ಟು, ಇಂಗ್ಲಿಷ್ ಯಾಕೆ ಬೇಕೆಂದು ತಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಕನ್ನಡದಲ್ಲೇ ಕೇಳಿ ನೋಡಲಿ.