ಕೆಟ್ಟು ನಿಂತ ಯಂತ್ರದ ಮುಂದೆ: ರೋಬಾಟಿಕ್ಸ್ ಟೆಕ್ನಿಷಿಯನ್ ತರಬೇತಿಯಲ್ಲಿ ದೋಷಪತ್ತೆಯ ಸ್ಥಾನ

2022ರ ಜೂನ್ 20ರಂದು ಪ್ರಧಾನಮಂತ್ರಿಯವರು ಬೆಂಗಳೂರಿನಲ್ಲಿ 150 ‘ಟೆಕ್ನಾಲಜಿ ಹಬ್’ಗಳನ್ನು ಲೋಕಾರ್ಪಣೆ ಮಾಡಿದರು. ಕರ್ನಾಟಕದ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳನ್ನೇ, ಅಂದರೆ ಐಟಿಐಗಳನ್ನೇ, ಮೇಲ್ದರ್ಜೆಗೇರಿಸಿ ರೂಪಿಸಿದ ಕೇಂದ್ರಗಳಿವು. ವೆಚ್ಚ 4,700 ಕೋಟಿ ರೂಪಾಯಿಗೂ ಹೆಚ್ಚು. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಎಂಬ ಹಳೆಯ ಟ್ರೇಡುಗಳ ಪಕ್ಕದಲ್ಲಿ ‘ಇಂಡಸ್ಟ್ರಿಯಲ್ ರೋಬಾಟಿಕ್ಸ್ ಅಂಡ್ ಡಿಜಿಟಲ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಿಷಿಯನ್’ ಎಂಬ ಒಂದು ವರ್ಷದ ಹೊಸ ಟ್ರೇಡು ಬಂತು. ಹತ್ತನೇ ತರಗತಿ ಮುಗಿಸಿದ ಮಕ್ಕಳು ಕೈಗಾರಿಕಾ ರೋಬಾಟನ್ನು ತಮ್ಮ ಊರಿನ ಆಸುಪಾಸಿನಲ್ಲೇ ಮುಟ್ಟಿ ಕಲಿಯುವಂತಾದದ್ದು ಸಣ್ಣ ಸಂಗತಿಯಲ್ಲ. ಬೇಡಿಕೆಯೂ ನಿಜವಾದದ್ದೇ. ಅಂತರರಾಷ್ಟ್ರೀಯ ರೋಬಾಟಿಕ್ಸ್ ಒಕ್ಕೂಟದ ಲೆಕ್ಕದಂತೆ 2023ರಲ್ಲಿ ಭಾರತದ ಕಾರ್ಖಾನೆಗಳು ಹೊಸದಾಗಿ ಅಳವಡಿಸಿಕೊಂಡ ರೋಬಾಟುಗಳು 8,510.

ಆ ಒಂದು ವರ್ಷದಲ್ಲಿ ಯಾವ ಕೆಲಸವನ್ನು ಕಲಿಸಬೇಕು ಎಂಬುದು ಈ ಲೇಖನದ ಪ್ರಶ್ನೆ. ಸುಸ್ಥಿತಿಯಲ್ಲಿರುವ ಯಂತ್ರವನ್ನು ನಡೆಸಲು ಕಾರ್ಖಾನೆಗೆ ಟೆಕ್ನಿಷಿಯನ್ ಬೇಕಿಲ್ಲ, ಆಪರೇಟರ್ ಸಾಕು. ಲೈನ್ ನಿಂತಾಗ ಕರೆ ಹೋಗುವುದು ಟೆಕ್ನಿಷಿಯನ್‌ಗೆ. ಆದ್ದರಿಂದ ದೋಷಪತ್ತೆಯೇ ಈ ವೃತ್ತಿಯ ತಿರುಳು, ತರಬೇತಿಯ ತಿರುಳೂ ಅದೇ ಆಗಬೇಕು ಎಂಬುದು ನನ್ನ ವಾದ. ಈಗ ಪ್ರಯೋಗಾಲಯಗಳಲ್ಲಿ ಹೆಚ್ಚು ರೂಢಿಯಲ್ಲಿರುವ ಅಭ್ಯಾಸಗಳು ಬೇರೆ ಬಗೆಯವು. ಟ್ರಾಫಿಕ್ ದೀಪಕ್ಕೆ ಪಿಎಲ್‌ಸಿ (ಪ್ರೋಗ್ರಾಂ ಮಾಡಬಲ್ಲ ನಿಯಂತ್ರಕ) ಪ್ರೋಗ್ರಾಂ ಬರೆಯುವುದು, ಸ್ಟಾರ್-ಡೆಲ್ಟಾ ಸ್ಟಾರ್ಟರ್ ಓಡಿಸುವುದು, ರೋಬಾಟಿನ ಕೈಯಿಂದ ಒಂದು ವಸ್ತುವನ್ನು ಇಲ್ಲಿಂದೆತ್ತಿ ಅಲ್ಲಿಡುವುದು. ಇವೆಲ್ಲ ಬೇಕು. ಆದರೆ ಇವೆಲ್ಲವೂ ವೈರಿಂಗ್ ಸರಿಯಾಗಿದೆ, ಗಾಳಿಯ ಒತ್ತಡ ಸರಿಯಾಗಿದೆ, ಸೆನ್ಸರ್ ತನ್ನ ಜಾಗದಲ್ಲೇ ಇದೆ ಎಂದು ಮೊದಲೇ ಒಪ್ಪಿಕೊಂಡು ಶುರುವಾಗುತ್ತವೆ. ಕಾರ್ಖಾನೆಯಲ್ಲಿ ಕೈಕೊಡುವುದು ಇವೇ.

ಒಂದು ಸಾಮಾನ್ಯ ಬ್ರೇಕ್‌ಡೌನನ್ನು ಬಿಡಿಸಿ ನೋಡೋಣ. ರೋಬಾಟಿನ ತುದಿಯಲ್ಲಿರುವ ಗ್ರಿಪ್ಪರ್ ಬಿಡಿಭಾಗವನ್ನು ಹಿಡಿಯಬೇಕು, ಹಿಡಿದದ್ದು ಖಾತ್ರಿಯಾದ ಮೇಲೆ ಕೈ ಮೇಲೇಳಬೇಕು. ಕೈ ಏಳುತ್ತಿಲ್ಲ. ಪರದೆಯ ಮೇಲೆ ‘ಗ್ರಿಪ್ಪರ್ ನಾಟ್ ಕ್ಲೋಸ್ಡ್’ ಎಂಬ ಅಲಾರಂ. ಹೊಸಬರು ಕೂಡಲೇ ರೋಬಾಟಿನ ಪ್ರೋಗ್ರಾಂ ತೆರೆಯುತ್ತಾರೆ. ಪಳಗಿದವರು ಮೊದಲು ಗ್ರಿಪ್ಪರಿನ ಬಳಿಗೆ ಹೋಗಿ, ಅದು ನಿಜಕ್ಕೂ ಮುಚ್ಚಿದೆಯೇ ಎಂದು ಕಣ್ಣಾರೆ ನೋಡುತ್ತಾರೆ. ಮುಚ್ಚಿಲ್ಲವಾದರೆ ದೋಷ ಹೆಚ್ಚಾಗಿ ಗಾಳಿಯದ್ದು ಇಲ್ಲವೇ ಲೋಹದ್ದು. ಒತ್ತಡ ಕುಸಿದಿರಬಹುದು, ಪೈಪು ಸೋರುತ್ತಿರಬಹುದು, ವಾಲ್ವ್ ಸಿಕ್ಕಿಕೊಂಡಿರಬಹುದು, ಬಿಡಿಭಾಗದ ಅಂಚಿನಲ್ಲಿ ಉಳಿದ ಬರ್, ಅಂದರೆ ಲೋಹದ ಚೂಪು ಚೂರು, ಅಡ್ಡ ಬಂದಿರಬಹುದು. ಮುಚ್ಚಿದೆಯಾದರೆ ದೋಷ ಸುದ್ದಿ ತಲುಪುವ ದಾರಿಯಲ್ಲಿದೆ. ಗ್ರಿಪ್ಪರಿನ ಸಿಲಿಂಡರಿನ ಮೇಲೆ ಕೂತು ಅದು ಮುಚ್ಚಿದ್ದನ್ನು ಗುರುತಿಸುವ ರೀಡ್ ಸ್ವಿಚ್ಚಿನ ಪುಟ್ಟ ದೀಪ ಉರಿಯುತ್ತಿದೆಯೇ? ಇಲ್ಲವೆಂದರೆ ಸ್ವಿಚ್ ಜಾರಿರಬಹುದು, ಕೆಟ್ಟಿರಬಹುದು, ಅದಕ್ಕೆ 24 ವೋಲ್ಟ್ ಬರುತ್ತಿಲ್ಲದಿರಬಹುದು. ಅಲ್ಲಿ ಉರಿಯುತ್ತಿದ್ದು, ಪ್ಯಾನೆಲ್‌ನೊಳಗಿನ ಇನ್‌ಪುಟ್ ಕಾರ್ಡಿನ ದೀಪ ಉರಿಯದಿದ್ದರೆ ನಡುವಿನ ಕೇಬಲನ್ನು ನೋಡಬೇಕು. ಎರಡೂ ಉರಿಯುತ್ತಿದ್ದರೆ ಆಗ ಪ್ರೋಗ್ರಾಂ ತೆರೆದು, ಯಾವ ಇಂಟರ್‌ಲಾಕ್ ತಡೆಯುತ್ತಿದೆ ಎಂದು ಹುಡುಕಬಹುದು. ಪ್ರತಿ ಹೆಜ್ಜೆಯೂ ಸಾಧ್ಯತೆಗಳ ಒಂದು ಭಾಗವನ್ನು ಕತ್ತರಿಸಿ ಹಾಕುತ್ತದೆ.

ಈ ಹುಡುಕಾಟದಲ್ಲಿ ಬೇಕಾದ ತಿಳಿವಳಿಕೆಯ ಬಹುಪಾಲು ರೋಬಾಟಿಗೆ ಸಂಬಂಧಿಸಿದ್ದೇ ಅಲ್ಲ ಎಂಬುದನ್ನು ಗಮನಿಸಬೇಕು. ಬರ್ ಏಕೆ ಉಳಿಯಿತೆಂದು ಫಿಟ್ಟರ್‌ಗೆ ಗೊತ್ತು. ಸ್ವಿಚ್ಚಿಗೆ ವಿದ್ಯುತ್ ಏಕೆ ಬರುತ್ತಿಲ್ಲವೆಂದು ಎಲೆಕ್ಟ್ರಿಷಿಯನ್‌ಗೆ ಗೊತ್ತು. ಕೆಲವು ದೋಷಗಳಂತೂ ಇದ್ದೂ ಇಲ್ಲದಂತಿರುತ್ತವೆ. ರೋಬಾಟಿನೊಡನೆ ದಿನವಿಡೀ ಮಡಚಿ ಬಿಚ್ಚುವ ಕೇಬಲಿನೊಳಗೆ ತಂತಿಯ ಎಳೆ ತುಂಡಾಗಿದ್ದರೆ, ಕೈ ಒಂದು ನಿರ್ದಿಷ್ಟ ಭಂಗಿಗೆ ಬಂದಾಗ ಮಾತ್ರ ಸಂಪರ್ಕ ತಪ್ಪುತ್ತದೆ. ಯಂತ್ರ ನಿಲ್ಲಿಸಿ ಮಲ್ಟಿಮೀಟರ್ ಹಿಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಕೈಯನ್ನು ನಿಧಾನವಾಗಿ ಆಡಿಸುತ್ತಾ ದೀಪವನ್ನು ನೋಡುತ್ತಾ ಕಾಯಬೇಕು. ಈ ತಾಳ್ಮೆ ಉಪನ್ಯಾಸದಿಂದ ಬರುವುದಿಲ್ಲ. ಅಂಥ ಕೇಬಲನ್ನು ಒಮ್ಮೆಯಾದರೂ ಹುಡುಕಿ ಹಿಡಿದ ವಿದ್ಯಾರ್ಥಿಗೆ ಬರುತ್ತದೆ.

ಸ್ವಯಂಚಾಲನೆಯ ಇತಿಹಾಸವೂ ಈ ಮಾತನ್ನು ಬೆಂಬಲಿಸುತ್ತದೆ. 1968ರಲ್ಲಿ ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ, ರಿಲೇಗಳ ದೊಡ್ಡ ಪ್ಯಾನೆಲ್‌ಗಳ ಬದಲಿಗೆ ಸುಲಭವಾಗಿ ಬದಲಾಯಿಸಬಲ್ಲ ನಿಯಂತ್ರಕ ಬೇಕೆಂದು ಕೇಳಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ರೂಪಿಸಿದ ಮಾಡಿಕಾನ್ 084 ಎಂಬ ಪಿಎಲ್‌ಸಿ ಆ ಅಗತ್ಯವನ್ನು ಪೂರೈಸಿತು. ಅದರ ಪ್ರೋಗ್ರಾಮಿಂಗ್‌ಗೆ ಆರಿಸಿಕೊಂಡ ಲ್ಯಾಡರ್ ಚಿತ್ರವು ಕಾರ್ಖಾನೆಯ ಎಲೆಕ್ಟ್ರಿಷಿಯನ್‌ಗಳು ಅದಾಗಲೇ ಓದುತ್ತಿದ್ದ ರಿಲೇ ನಕ್ಷೆಯ ರೂಪದ್ದೇ. ಯಂತ್ರ ನಿಂತಾಗ ಅದರ ಮುಂದೆ ನಿಲ್ಲುವವರು ಯಾರು ಎಂಬುದನ್ನು ಮೊದಲೇ ಯೋಚಿಸಿದ್ದರು. ಮಾಪನ ಸಂಕೇತಗಳಲ್ಲೂ ಇದೇ ವಿವೇಕವಿದೆ. ಒತ್ತಡವನ್ನೋ ಉಷ್ಣತೆಯನ್ನೋ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ತಾಗಿ ಕಳಿಸುವಾಗ ಕನಿಷ್ಠ ಅಳತೆಗೂ 4 ಮಿಲಿಆಂಪಿಯರ್ ಇರುತ್ತದೆ. ಸೊನ್ನೆ ಬಂತೆಂದರೆ ತಂತಿ ತುಂಡಾಗಿದೆ ಎಂದೇ ತಿಳಿಯಬಹುದು. ಉಪಕರಣ ರೂಪಿಸಿದವರು ದೋಷಕ್ಕೆ ಸಂಕೇತದೊಳಗೇ ಜಾಗ ಬಿಟ್ಟಿದ್ದಾರೆ. ಪಠ್ಯಕ್ರಮ ರೂಪಿಸುವವರೂ ಬಿಡಬೇಕು.

ಸುರಕ್ಷತೆಯನ್ನು ಪ್ರತ್ಯೇಕ ಅಧ್ಯಾಯವಾಗಿ ಮೊದಲ ವಾರದಲ್ಲೇ ಓದಿ ಮುಗಿಸುವ ಕ್ರಮ ನನಗೆ ಒಪ್ಪಿಗೆಯಿಲ್ಲ. 1981ರಲ್ಲಿ ಜಪಾನಿನ ಅಕಾಶಿಯ ಕಾರ್ಖಾನೆಯಲ್ಲಿ ರೋಬಾಟಿನಿಂದ ಪ್ರಾಣ ಕಳೆದುಕೊಂಡವರು ನಿರ್ವಹಣೆಯ ಕೆಲಸಗಾರ. ಬೇಲಿಯೊಳಗೆ ಹೋಗಿ ಕೆಟ್ಟ ರೋಬಾಟನ್ನು ನೋಡುತ್ತಿದ್ದಾಗ ಅದು ಪೂರ್ತಿ ನಿಂತಿರಲಿಲ್ಲ. ಬೇಲಿಯ ಹೊರಗಿರುವ ಆಪರೇಟರ್‌ಗಿಂತ ಒಳಗೆ ಹೋಗಿ ದೋಷ ಹುಡುಕುವವರಿಗೇ ಅಪಾಯ ಹೆಚ್ಚು. ಅದಕ್ಕಾಗಿಯೇ ಐಎಸ್‌ಒ 10218 ಮಾನದಂಡವು, ಮನುಷ್ಯ ಹತ್ತಿರ ನಿಂತು ಕೈಯಿಂದ ನಡೆಸುವ ಸ್ಥಿತಿಯಲ್ಲಿ ರೋಬಾಟಿನ ವೇಗವನ್ನು ಸೆಕೆಂಡಿಗೆ 250 ಮಿಲಿಮೀಟರ್‌ಗೆ ಮಿತಿಗೊಳಿಸುತ್ತದೆ. ಹಾಗೆ ನಡೆಸಲು ಹಿಡಿಯುವ ಟೀಚ್ ಪೆಂಡೆಂಟಿನ ಹಿಂಬದಿಯ ಮೂರು ಹಂತದ ಸ್ವಿಚ್ಚನ್ನು ಅರ್ಧ ಒತ್ತಿ ಹಿಡಿದಾಗ ಮಾತ್ರ ರೋಬಾಟಿನ ಕೈ ಚಲಿಸುತ್ತದೆ. ಬಿಟ್ಟರೂ ನಿಲ್ಲುತ್ತದೆ, ಪೂರ್ತಿ ಅದುಮಿದರೂ ನಿಲ್ಲುತ್ತದೆ. ಗಾಬರಿಯಾದ ಮನುಷ್ಯ ಹಿಡಿದದ್ದನ್ನು ಬಿಡುತ್ತಾನೆ ಇಲ್ಲವೇ ಬಿಗಿಯಾಗಿ ಅದುಮುತ್ತಾನೆ. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡ ವಿನ್ಯಾಸವದು. ದೋಷಪತ್ತೆಯ ಪ್ರತಿ ಅಭ್ಯಾಸದಲ್ಲೂ ವಿದ್ಯುತ್ ಕಡಿತಗೊಳಿಸಿ ಬೀಗ ಹಾಕುವುದು, ಉಳಿದ ಗಾಳಿಯನ್ನು ಹೊರಬಿಡುವುದು, ಈ ಸ್ವಿಚ್ಚನ್ನು ಸರಿಯಾಗಿ ಹಿಡಿಯುವುದು ಸೇರಿಕೊಂಡಿದ್ದರೆ ಮಾತ್ರ ಅದು ಕೈಗೆ ಅಭ್ಯಾಸವಾಗುತ್ತದೆ.

ಇನ್ನು ಅವಧಿಯ ವಿಚಾರ. ಜರ್ಮನಿಯಲ್ಲಿ 1998ರಲ್ಲಿ ಪ್ರತ್ಯೇಕ ವೃತ್ತಿಯಾಗಿ ಮಾನ್ಯತೆ ಪಡೆದ ಮೆಕಟ್ರಾನಿಕ್ಸ್ ತರಬೇತಿಗೆ ಮೂರೂವರೆ ವರ್ಷ ಬೇಕು. ಕಲಿಯುವವರ ಸಮಯ ಕಾರ್ಖಾನೆ ಮತ್ತು ವೃತ್ತಿಶಾಲೆಗಳ ನಡುವೆ ಹಂಚಿಹೋಗುತ್ತದೆ. ಆ ವ್ಯವಸ್ಥೆಯ ಹಿಂದೆ ತರಬೇತಿಯ ಭಾರ ಹೊರುವ ಕಂಪನಿಗಳಿವೆ, ಅದನ್ನು ಹಾಗೆಯೇ ಇಲ್ಲಿಗೆ ತರಲಾಗದು. ಆದರೆ ದೀರ್ಘ ತರಬೇತಿಯ ಪರಂಪರೆ ಕರ್ನಾಟಕಕ್ಕೆ ಹೊಸದಲ್ಲ. ಡೆನ್ಮಾರ್ಕ್ ಸರ್ಕಾರದ ಸಹಯೋಗದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ಮೇಲೆ ಒಂದು ವರ್ಷ ಕಾರ್ಖಾನೆಯ ತರಬೇತಿಯಿದೆ. ಬಾಷ್ ಕಂಪನಿಯ ವೃತ್ತಿ ತರಬೇತಿ ಕೇಂದ್ರ ಬೆಂಗಳೂರಿನಲ್ಲಿ 1961ರಿಂದ ನಡೆಯುತ್ತಿದೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ, ಹಳ್ಳಿಗಾಡಿನ ಬಡ ಮಕ್ಕಳನ್ನು ವಸತಿಯಲ್ಲಿಟ್ಟು ಮೂರು ವರ್ಷ ಕಲಿಸುವ ಕ್ರಮವನ್ನು ಇಟ್ಟುಕೊಂಡೇ ಬೆಳೆಯಿತು.

ಇವುಗಳ ಪಕ್ಕದಲ್ಲಿ ಒಂದು ವರ್ಷದ ರೋಬಾಟಿಕ್ಸ್ ಟ್ರೇಡನ್ನಿಟ್ಟು ನೋಡಿದರೆ, ಅದನ್ನು ಹತ್ತನೇ ತರಗತಿಯ ನಂತರದ ಮೊದಲ ಮೆಟ್ಟಿಲಾಗಿಸುವುದಕ್ಕಿಂತ ಎರಡು ವರ್ಷದ ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಟ್ರೇಡಿನ ಮೇಲಿನ ಮೆಟ್ಟಿಲಾಗಿಸುವುದು ಉಚಿತವೆಂದು ನನಗನ್ನಿಸುತ್ತದೆ. ಬೇಗ ದುಡಿಮೆಗೆ ಸೇರಲೇಬೇಕಾದ ಮನೆಯ ಮಕ್ಕಳಿಗೆ ಮೂರು ವರ್ಷ ಹೊರೆಯಾಗುತ್ತದೆ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಅದಕ್ಕೆ ಅಪ್ರೆಂಟಿಸ್‌ಶಿಪ್‌ನಲ್ಲಿ ಉತ್ತರವಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತಲೇ ಮೂರನೆಯ ವರ್ಷದ ಕಲಿಕೆ ಕಾರ್ಖಾನೆಯ ಮೆಂಟೇನೆನ್ಸ್ ವಿಭಾಗದಲ್ಲಿ ನಡೆಯಬಹುದು.

ಭಾಷೆಯ ತೊಡಕೂ ಇಲ್ಲೇ ಸೇರಿಕೊಂಡಿದೆ. ಅಲಾರಂ ಪಟ್ಟಿ, ಕೈಪಿಡಿ, ಪ್ಯಾನೆಲ್ ನಕ್ಷೆ ಎಲ್ಲವೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಅವನ್ನು ಓದುವಷ್ಟು ಇಂಗ್ಲಿಷನ್ನು ಕಲಿಸಲೇಬೇಕು. ಆದರೆ ಯೋಚನೆ ಕನ್ನಡದಲ್ಲಿ ನಡೆಯಲಿ. ‘ಸೆನ್ಸರ್ ದೀಪ ಉರೀತಿದೆ, ಇನ್‌ಪುಟ್ ಬರ್ತಿಲ್ಲ, ಅಂದ್ರೆ ಕೇಬಲ್ ನೋಡಬೇಕು’ ಎಂಬುದು ಪೂರ್ಣವಾದ ತರ್ಕ. ಅದನ್ನು ಹಾಗೆಯೇ ಬರೆದಿಡುವ ದೋಷಪತ್ತೆ ಪುಸ್ತಕವೊಂದು ಪ್ರತಿ ವಿದ್ಯಾರ್ಥಿಯ ಬಳಿ ಇರಬೇಕು: ಎಲ್ಲಿ ನೋಡಿದೆ, ಏನು ಕಂಡಿತು, ಅದರಿಂದ ಯಾವ ಕಾರಣವನ್ನು ಕೈಬಿಟ್ಟೆ. ಪರೀಕ್ಷೆಯೂ ಇದನ್ನೇ ಅಳೆಯಲಿ. ವರ್ಲ್ಡ್‌ಸ್ಕಿಲ್ಸ್ ಸ್ಪರ್ಧೆಯ ಮೆಕಟ್ರಾನಿಕ್ಸ್ ವಿಭಾಗದಲ್ಲಿ ಯಂತ್ರ ಜೋಡಿಸುವುದರ ಜೊತೆಗೆ ಕೆಟ್ಟದ್ದನ್ನು ಸರಿಪಡಿಸುವ ಕಾರ್ಯವನ್ನೂ ಕೊಡುತ್ತಾರೆ. ನಮ್ಮ ಪ್ರಾಯೋಗಿಕ ಪರೀಕ್ಷೆಯಲ್ಲೂ ಪರೀಕ್ಷಕರು ಯಂತ್ರದಲ್ಲಿ ಎರಡೋ ಮೂರೋ ದೋಷ ಅಡಗಿಸಿಡಲಿ. ಯಂತ್ರ ಓಡಿತೇ ಎಂಬುದಕ್ಕೆ ಕೊಡುವಷ್ಟೇ ಅಂಕವನ್ನು ಹುಡುಕಿದ ಕ್ರಮಕ್ಕೂ ಕೊಡಲಿ. ಕಂಡಕಂಡ ಭಾಗವನ್ನು ಬದಲಾಯಿಸುತ್ತಾ ಹೋಗಿ ಅದೃಷ್ಟಕ್ಕೆ ಯಂತ್ರ ಓಡಿಸಿದ ವಿದ್ಯಾರ್ಥಿಗೂ, ಸಮಯ ಸಾಲದೆ ಕೊನೆಯ ದೋಷದ ಹೊಸ್ತಿಲಲ್ಲಿ ನಿಂತ ವಿದ್ಯಾರ್ಥಿಗೂ ಇರುವ ವ್ಯತ್ಯಾಸ ಆಗ ಕಾಣುತ್ತದೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ತರಬೇತಿ ಪ್ಯಾನೆಲ್‌ನ ಹಿಂದೆ ಕೆಲವು ತಂತಿಗಳನ್ನು ಕಡಿಯುವ ಸ್ವಿಚ್ಚುಗಳ ಪೆಟ್ಟಿಗೆ, ಸ್ಕ್ರೂ ಸಡಿಲಿಸಿದ ರೀಡ್ ಸ್ವಿಚ್, ಒಳಗೆ ಎಳೆ ತುಂಡಾದ ಹಳೆಯ ಕೇಬಲ್ ಇದ್ದರೆ ಆರಂಭಿಸಬಹುದು. ಕಷ್ಟವಿರುವುದು ಬೋಧಕರ ವಿಷಯದಲ್ಲಿ. ಕಾರ್ಖಾನೆಯ ನೆಲದಲ್ಲಿ ಬ್ರೇಕ್‌ಡೌನ್ ಕಾಣದವರು ಯಾವ ದೋಷವನ್ನು ಅಡಗಿಸಿಡಬೇಕೆಂದು ಊಹಿಸಲಾರರು. ಆದ್ದರಿಂದ ಪ್ರತಿ ಬೋಧಕರೂ ವರ್ಷಕ್ಕೆ ಕೆಲವು ವಾರ ಪೀಣ್ಯದಲ್ಲೋ ಬಿಡದಿಯಲ್ಲೋ ನರಸಾಪುರದಲ್ಲೋ ಒಂದು ಮೆಂಟೇನೆನ್ಸ್ ತಂಡದ ಜೊತೆ ರಾತ್ರಿ ಪಾಳಿಯೂ ಸೇರಿದಂತೆ ಕೆಲಸ ಮಾಡುವಂತೆ ಇಲಾಖೆ ನಿಯೋಜಿಸಬೇಕು. ಆ ದಿನಗಳನ್ನು ರಜೆಯೆಂದು ಲೆಕ್ಕ ಹಾಕದೆ ಬೋಧನೆಯ ಅವಧಿಯೆಂದೇ ಪರಿಗಣಿಸಬೇಕು. ಅಲ್ಲಿ ಅವರು ದಾಖಲಿಸಿಕೊಂಡ ದೋಷಗಳೇ ಮುಂದಿನ ವರ್ಷದ ಪ್ರಾಯೋಗಿಕ ಪಾಠಗಳಾಗಬೇಕು.