ಸಿಡಿಮದ್ದಿನ ಕಾರ್ಖಾನೆಯ ಸ್ತ್ರೀಯರು

ಮೊದಲನೆಯ ಮಹಾಯುದ್ಧದ ಚರಿತ್ರೆಗಳಲ್ಲಿ ಸೇನಾಪತಿಗಳ ನಾಮಾವಳಿಗೆ ಕೊರತೆಯಿಲ್ಲ; ಅವರ ಫಿರಂಗಿಗಳಿಗೆ ಗುಂಡುಗಳನ್ನು ಸಿದ್ಧಪಡಿಸಿಕೊಟ್ಟವರಾರೆಂದು ವಿಚಾರಿಸುವವರು ವಿರಳ. 1914ರಲ್ಲಿ ಯುದ್ಧವು ಆರಂಭವಾದೊಡನೆ ಇಂಗ್ಲೆಂಡಿನ ಗಂಡಸರು ಲಕ್ಷಗಟ್ಟಲೆಯಾಗಿ ಸೈನ್ಯವನ್ನು ಸೇರಿದರು. ಮರುವರ್ಷವೇ ಗುಂಡುಗಳ ಅಭಾವವುಂಟಾಗಿ, ಲಾಯ್ಡ್ ಜಾರ್ಜರ ಆಧಿಪತ್ಯದಲ್ಲಿ ಯುದ್ಧಸಾಮಗ್ರಿಗೆಂದೇ ಪ್ರತ್ಯೇಕವಾದ ಮಂತ್ರಿಶಾಖೆಯೊಂದು ಏರ್ಪಟ್ಟಿತು. ಹೊಸದಾಗಿ ತೆರೆದ ಕಾರ್ಖಾನೆಗಳಿಗೆ ಸ್ತ್ರೀಯರು ಬಂದರು. ಯುದ್ಧವೇ ಅವರಿಗೆ ದುಡಿಮೆಯನ್ನು ಕಲಿಸಿತೆಂಬ ಮಾತುಂಟು, ಅದು ಸರಿಯಲ್ಲ. ಬಡವರ ಮನೆಯ ಹೆಂಗಸು ಯಾವ ದೇಶದಲ್ಲಿ, ಯಾವ ಕಾಲದಲ್ಲಿ ದುಡಿಯದಿದ್ದಳು? ಬಂದವರಲ್ಲಿ ಅನೇಕರು ಅದುವರೆಗೆ ಸಿರಿವಂತರ ಮನೆಯ ಊಳಿಗದಲ್ಲಿಯೋ ಬಟ್ಟೆಯ ಗಿರಣಿಗಳಲ್ಲಿಯೋ ಇದ್ದವರು. ಊಳಿಗಕ್ಕಿಂತ ಕಾರ್ಖಾನೆಯ ಕೂಲಿ ಹೆಚ್ಚು. ಗಂಡಸಿನ ಕೂಲಿಗಿಂತ ಮಾತ್ರ ಕಡಮೆ.

ಗುಂಡಿಗೆ ಮದ್ದನ್ನು ತುಂಬುವ ಕೆಲಸವು ಘೋರವಾದುದು. ಒಂದು ಕಿಡಿಗೂ ಆಸ್ಪದವಿರಬಾರದೆಂದು ಕೂದಲಿನ ಪಿನ್ನನ್ನೂ ಬೆಂಕಿಕಡ್ಡಿಯನ್ನೂ ತೆಗೆಯಿಸಿಯೇ ಒಳಗೆ ಬಿಡುತ್ತಿದ್ದರು. ಮದ್ದಿನ ವಿಷದಿಂದ ಮೈ ಹಳದಿಯಾಗುತ್ತಿದ್ದುದರಿಂದ ಜನರು ಅವರನ್ನು ‘ಕ್ಯಾನರಿ’ ಎಂಬ ಹಳದಿ ಹಕ್ಕಿಯ ಹೆಸರಿನಿಂದ ಕರೆದರು. ನಮ್ಮಲ್ಲಿ ಹೆಣ್ಣಿನ ಮೈಮೇಲಣ ಅರಿಸಿನವು ಮಂಗಳಸೂಚಕ. ಅಲ್ಲಿಯ ಹಳದಿಯಾದರೋ ಯಕೃತ್ತನ್ನು ಕೆಡಿಸಿ ಕೆಲವರ ಪ್ರಾಣವನ್ನೇ ಕೊಂಡಿತು. 1916ನೆಯ ಇಸವಿ ಡಿಸೆಂಬರು 5ನೆಯ ತಾರೀಖಿನ ರಾತ್ರಿ, ಲೀಡ್ಸ್ ಪಟ್ಟಣದ ಸಮೀಪದ ಬಾರ್ನ್‌ಬೋ ಕಾರ್ಖಾನೆಯಲ್ಲಿ ಗುಂಡು ಸಿಡಿದು 35 ಮಂದಿ ಸ್ತ್ರೀಯರು ಮಡಿದರು. ಸರ್ಕಾರವು ಆ ವಾರ್ತೆಯನ್ನು ಪತ್ರಿಕೆಗಳಲ್ಲಿ ಬರಗೊಡಲಿಲ್ಲ. ರಣದಲ್ಲಿ ಬಿದ್ದವನಿಗೆ ವೀರಸ್ವರ್ಗವನ್ನು ಹೇಳುವ ಲೋಕವು ಇವರಿಗೆ ಮೌನವನ್ನು ವಿಧಿಸಿತು. ಉಳಿದವರು ಮತ್ತೆ ಕೆಲಸಕ್ಕೆ ನಿಂತರು.

ಕೆಲಸದೊಡನೆ ಧೈರ್ಯವೂ ಬಂದಿತು. 1918ರ ಆಗಸ್ಟಿನಲ್ಲಿ ಲಂಡನ್ನಿನ ಬಸ್ಸು ಟ್ರಾಮುಗಳ ಸ್ತ್ರೀಯರು, ಗಂಡಸರಿಗೆ ದೊರೆತ ಯುದ್ಧಭತ್ಯವು ತಮಗೂ ದೊರೆಯಬೇಕೆಂದು ಮುಷ್ಕರ ಹೂಡಿ ಅದನ್ನು ಪಡೆದರು.

ಅದೇ ವರ್ಷ ಪಾರ್ಲಿಮೆಂಟು ಸ್ತ್ರೀಯರಿಗೆ ಮತವನ್ನು ಕೊಟ್ಟಿತು. ಇದು ಅವರ ಯುದ್ಧಸೇವೆಯ ಫಲವೆಂದು ಹೊಗಳುವುದು ವಾಡಿಕೆ. ಆದರೆ ಶಾಸನವನ್ನು ಬಿಚ್ಚಿ ನೋಡಿದರೆ, ಮತವು ದೊರೆತುದು 30 ವರ್ಷ ತುಂಬಿದವರಿಗೆ; ಅವರಲ್ಲಿಯೂ ತಾನಾಗಲಿ ಪತಿಯಾಗಲಿ ಮನೆ ಅಥವಾ ಸ್ವತ್ತಿನ ಅರ್ಹತೆಯುಳ್ಳವರಿಗೆ. ಗುಂಡು ತುಂಬಿದವರಲ್ಲಿ ಬಹುಮಂದಿ ಎಳೆಯರು. ತಾಯಿಗೆ ಬಂದ ಹಕ್ಕು ಮಗಳಿಗೆ ಬರಲಿಲ್ಲ. ಶಾಂತಿಯು ಬಂದೊಡನೆ ಕಾರ್ಖಾನೆಗಳು ಮುಚ್ಚಿದುವು. ಯುದ್ಧಪೂರ್ವದ ಕೆಲಸದ ಪದ್ಧತಿಗಳನ್ನು ಪುನಃಸ್ಥಾಪಿಸಬೇಕೆಂದು 1919ರಲ್ಲಿ ಶಾಸನವಾಯಿತು. ಮನೆಗೆಲಸದ ಊಳಿಗವನ್ನು ಒಲ್ಲೆನೆಂದ ಹೆಣ್ಣಿಗೆ ನಿರುದ್ಯೋಗದ ಭತ್ಯವು ನಿಂತುಹೋಗುತ್ತಿತ್ತು. ಹೀಗೆ ಅನೇಕರು ಬಿಟ್ಟುಬಂದ ಅಡಿಗೆಯ ಮನೆಗೇ ಹಿಂದಿರುಗಿದರು. 1928ರಲ್ಲಿ 21 ವರ್ಷ ತುಂಬಿದ ಸ್ತ್ರೀಪುರುಷರಿಗೆ ಸಮಾನವಾಗಿ ಮತವು ಬಂದಿತು. 1916ರಲ್ಲಿ 20 ವರ್ಷದವಳಾಗಿದ್ದು, ಬಳಿಕ ಧಣಿಯ ಮನೆಯಲ್ಲಿಯೇ ವಾಸವಾಗಿ ದುಡಿದವಳಿಗೆ ಆಗ 32 ವರ್ಷ.