30 ವ್ಯಾಟಿನ ದನಿ

ರೇಡಿಯೋ ಎಂದರೆ ನಮ್ಮ ತಲೆಮಾರಿನ ಹೆಂಗಸರಿಗೆ ಕೇಳುವ ವಸ್ತು. ಒಗ್ಗರಣೆಯ ಸದ್ದಿನ ನಡುವೆಯೇ ವಾರ್ತೆ, ಚಿತ್ರಗೀತೆ, ನಾಟಕ ಎಲ್ಲವನ್ನೂ ಕೇಳಿಸಿಕೊಂಡವರು ನಾವು. ನಾನು ಚಿಕ್ಕವಳಿದ್ದಾಗ ಹಾಗೆ ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. ಅಪ್ಪ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಬರುತ್ತಿದ್ದರು. ಕೇಳುವುದಕ್ಕೇ ಇಷ್ಟು ಕಟ್ಟುಪಾಡಿದ್ದ ಮೇಲೆ, ಅದರೊಳಗೆ ಮಾತನಾಡುವುದು ನಮ್ಮಂಥವರ ಕೆಲಸವೆಂದು ಯಾರಿಗೆ ತಾನೇ ಹೊಳೆದೀತು?

ಮೈಸೂರಿನ ಒಬ್ಬ ಮೇಷ್ಟರಿಗೆ ಮಾತ್ರ ಅಂಥದೊಂದು ಯೋಚನೆ ಬಹಳ ಹಿಂದೆಯೇ ಹೊಳೆದಿತ್ತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿಬಿಟ್ಟರು. ಇದ್ದದ್ದು 30 ವ್ಯಾಟಿನ ಒಂದು ಪುಟ್ಟ ಯಂತ್ರ. ನಮ್ಮ ಬಚ್ಚಲುಮನೆಯ ಹಳೆಯ ಬಲ್ಬೇ 40 ವ್ಯಾಟಿನದಿರುತ್ತಿತ್ತು! ದೆಹಲಿಯ ಸಂಸ್ಥೆಗೆ ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು ಬಂದದ್ದು ಅದರ ಮರುವರ್ಷ, 1936ರಲ್ಲಿ. ಗೋಪಾಲಸ್ವಾಮಿಯವರು ತಮ್ಮ ಕೈಯಿಂದಲೇ ಹಣ ಹಾಕಿ ನಡೆಸಿದರು. ಮುಂದೆ 250 ವ್ಯಾಟಿನ ಯಂತ್ರವನ್ನೂ ತರಿಸಿದರು. 1942ರಲ್ಲಿ ಮೈಸೂರು ಸರ್ಕಾರ ಆ ಕೇಂದ್ರವನ್ನು ವಹಿಸಿಕೊಂಡಿತು. ಅಲ್ಲಿ ಬಳಕೆಯಲ್ಲಿದ್ದ ‘ಆಕಾಶವಾಣಿ’ ಎಂಬ ಹೆಸರು ಸ್ವಾತಂತ್ರ್ಯದ ನಂತರ ಇಡೀ ದೇಶದ ರೇಡಿಯೋಕ್ಕೇ ಬಂತು.

ಹೆಸರೇನೋ ದೇಶವೆಲ್ಲ ಸುತ್ತಿತು. ಆದರೆ ಒಬ್ಬ ಮೇಷ್ಟರು ತಮ್ಮ ಊರಿನವರಿಗಾಗಿ ತಾವೇ ರೇಡಿಯೋ ನಡೆಸಬಹುದು ಎಂಬ ಯೋಚನೆ ಮೂಲೆ ಸೇರಿತು. ಆಕಾಶವೆಲ್ಲ ಸರ್ಕಾರದ್ದೇ ಆಯಿತು. ಅದನ್ನು ಬಿಡಿಸಿದ್ದು, ಆಶ್ಚರ್ಯವೆಂದರೆ, ಕ್ರಿಕೆಟ್! ಪಂದ್ಯಗಳನ್ನು ಟಿ.ವಿ.ಯಲ್ಲಿ ತೋರಿಸುವ ಹಕ್ಕಿನ ಬಗ್ಗೆ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟು, ಬಾನುಲಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದಿತು. ಗಂಡಸರ ಕ್ರಿಕೆಟ್ ಹುಚ್ಚಿನಿಂದಲೂ ಒಂದು ಉಪಕಾರವಾಯಿತೆನ್ನಿ.

ಅಷ್ಟಾದರೂ ಏಳು ವರ್ಷ ಕಾಯಬೇಕಾಯಿತು. 2002ರ ಕೊನೆಯಲ್ಲಿ ಸರ್ಕಾರ ವಿದ್ಯಾಸಂಸ್ಥೆಗಳಿಗೆ ಅನುಮತಿ ಕೊಡಲು ಒಪ್ಪಿತು. 2004ರ ಫೆಬ್ರವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ದೇಶದ ಮೊದಲ ಕ್ಯಾಂಪಸ್ ರೇಡಿಯೋ ಆಗಿ ದನಿ ತೆಗೆಯಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. 2008ರ ಅಕ್ಟೋಬರಿನಲ್ಲಿ ಆಗಿನ ಮೇದಕ್ ಜಿಲ್ಲೆಯ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳೇ ನಡೆಸುವ ‘ಸಂಘಂ ರೇಡಿಯೋ’ ಶುರುವಾಯಿತು. ಉದ್ಘಾಟಿಸಿದವರು 1995ರ ತೀರ್ಪು ಕೊಟ್ಟ ನ್ಯಾಯಮೂರ್ತಿ ಪಿ. ಬಿ. ಸಾವಂತರೇ.

ಈಚೆಗೆ ಹತ್ತನೆಯ ತರಗತಿಯ ಹುಡುಗಿಯರನ್ನು ಕರೆದುಕೊಂಡು ನಮ್ಮ ಕಡೆಯ ಒಂದು ಕಾಲೇಜಿನ ರೇಡಿಯೋ ಕೇಂದ್ರ ನೋಡಲು ಹೋಗಿದ್ದೆ. ಹಳೆಯ ತರಗತಿಯ ಕೋಣೆಗೆ ದಪ್ಪ ಪರದೆ ಕಟ್ಟಿ ಸ್ಟುಡಿಯೋ ಮಾಡಿದ್ದರು. ಸದ್ದಾಗುತ್ತದೆಂದು ಫ್ಯಾನು ಹಾಕುವಂತಿಲ್ಲ. ಬೆವರು ಒರೆಸಿಕೊಳ್ಳುತ್ತಲೇ ಕೆಲಸ. ಮಾತಾಡುವುದು, ಧ್ವನಿಮುದ್ರಣ, ಕತ್ತರಿಸಿ ಜೋಡಿಸುವುದು ಎಲ್ಲವೂ ವಿದ್ಯಾರ್ಥಿಗಳದೇ. ಇಂಥ ಕೇಂದ್ರಗಳ ದನಿ ಐದು-ಹತ್ತು ಕಿಲೋಮೀಟರು ಹೋದರೆ ಹೆಚ್ಚು. ಕಾರ್ಯಕ್ರಮಗಳಲ್ಲಿ ಅರ್ಧವಾದರೂ ಸ್ಥಳೀಯರು ಸೇರಿ ಮಾಡಿದ್ದಿರಬೇಕು. ತಾವೇ ಸುದ್ದಿ ತಯಾರಿಸಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಕೇಳಿಸಬಹುದು. ಪಾಠ ಹೇಳಿದ ಮಕ್ಕಳನ್ನೇ ನಂಬದಿದ್ದರೆ ಇನ್ನಾರನ್ನು ನಂಬುವುದು ಎಂದು ನನಗನ್ನಿಸಿತು.

ಅಂದು ಎರಡನೆಯ ಬಿ.ಎ. ಹುಡುಗಿಯೊಬ್ಬಳು ಹಾಸ್ಟೆಲಿನ ಅಡುಗೆಯಮ್ಮನನ್ನು ಮಾತಾಡಿಸುತ್ತಿದ್ದಳು. ದಿನಾ ಇನ್ನೂರು ಜನಕ್ಕೆ ಮುದ್ದೆ ತೊಳಸುವ ಕೈ ಆಕೆಯದು. ಮೈಕು ಕಂಡು ಮೊದಲು ಪುಸ್ತಕದ ಕನ್ನಡದಲ್ಲಿ ಮಾತಾಡಲು ಹೋಗಿ ತಡವರಿಸಿದರು. “ನೀವು ನಮ್ಮನ್ನ ಊಟಕ್ಕೆ ಕರೆಯೋ ಹಂಗೇ ಮಾತಾಡಿ ಅಮ್ಮಾ” ಎಂದಳು ಹುಡುಗಿ. ಆಮೇಲೆ ನೋಡಿ, ಹಿಟ್ಟು ಗಂಟಾಗದ ಹಾಗೆ ತಿರುವುವುದರಿಂದ ಹಿಡಿದು, ಮದುವೆಯಾಗಿ ಬಂದ ವರ್ಷದ ಬರಗಾಲದವರೆಗೆ ಮಾತು ಹರಿಯಿತು. ನಮ್ಮ ಹುಡುಗಿಯರು ಉಸಿರು ಬಿಗಿಹಿಡಿದು ಕೇಳಿದರು. ನನ್ನ ಇತಿಹಾಸದ ಪಾಠವನ್ನು ಅವರು ಅಷ್ಟು ತನ್ಮಯರಾಗಿ ಕೇಳಿದ್ದು ನನಗಂತೂ ನೆನಪಿಲ್ಲ.

ಮುಗಿದ ಮೇಲೆ ಆ ತಾಯಿ ಕೇಳಿದರು: “ಇದು ಕೊಳ್ಳೇಗಾಲದ ಆಚೆಗೂ ಕೇಳ್ತದಾ ಕಣವ್ವ? ನನ್ ಮಗಳು ಅಲ್ಲವಳೆ.”

“ಇಲ್ಲ ಅಮ್ಮಾ, ಅಷ್ಟು ದೂರ ಹೋಗಲ್ಲ” ಎಂದು ಹುಡುಗಿ ಸಪ್ಪೆ ಮುಖ ಮಾಡಿದಳು.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. “ಇರ್ಲಿ ಬುಡು. ಮುದ್ದೆ ಗಟ್ಟಿ ಅಂತ ದಿನಾ ರಾಗ ತೆಗೆಯೋರು ಇಲ್ಲೇ ಅವರಲ್ಲ, ಅವರು ಕೇಳುದ್ರೆ ಸಾಕು.”